ಚಂದ್ರನ ಗುಂಡಿಗಳೂ ನಮ್ಮ ಕಾಕಾನೂ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಮ್ಮ ಕಾಕಾ ಬದುಕಿದ್ದಾಗಲೂ ನಾನು ಇದನ್ನೇ ಆಡುತ್ತಿದ್ದೆ. ಹೊಸ ಪಾಪವೇನೂ ಅಂಟಲಿಕ್ಕಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಆರಲಿ ಎಂದು ನಾನು ಬಯಸಿಯೂ ಇಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ, ಲಕ್ಷ್ಮೇಶ್ವರದಲ್ಲಿ ನಾನು ಕಲಿಯುತ್ತಿದ್ದ ಶಾಲೆಗೇ ವಿಜ್ಞಾನದ ಮಾಸ್ತರ. ಅಪ್ಪ ಸೊರಟೂರಿನ ಹೊಲ ನೋಡಿಕೊಂಡಿದ್ದವನು. ಓದಿದ ತಮ್ಮನ ಮಾತು ಅವನಿಗೆ ವೇದವಾಕ್ಯ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಾಕಾ ಎಲ್ಲಿಂದಲೋ ಒಂದು ಹಿತ್ತಾಳೆಯ ದುರ್ಬೀನು ತಂದು, ಸಂಜೆ ಮಾಳಿಗೆಯ ಮೇಲೆ ನನಗೆ ಅರ್ಧಚಂದ್ರನನ್ನು ತೋರಿಸಿದ. ಬೆಳಕೂ ಕತ್ತಲೂ ಕೂಡುವ ಅಂಚಿನಲ್ಲಿ ಗುಂಡಿಗಳು ನೆರಳು ತುಂಬಿಕೊಂಡು ನಿಚ್ಚಳವಾಗಿ ಕಾಣುತ್ತಿದ್ದವು.

"ಅವೆಲ್ಲಾ ಜ್ವಾಲಾಮುಖಿ ಬಾಯಿ," ಎಂದ ಕಾಕಾ.

"ಧೂಳಾಗ ಮೊದಲ ಮಳಿ ಹನಿ ಬಿದ್ದಂಗ ಕಾಣತಾವ್ರಿ ಕಾಕಾ. ಮ್ಯಾಲಿಂದ ಕಲ್ಲು ಬಿದ್ದಿರಬೇಕು," ಎಂದೆ.

ಅವನು ಮರುದಿನ ನಮ್ಮ ಅಡುಗೆಮನೆಯದೇ ಮೊರದಲ್ಲಿ ಜೋಳದ ಹಿಟ್ಟು ತುಂಬಿಸಿ ತರಗತಿಗೆ ತಂದ. ಕಲ್ಲನ್ನು ಓರೆಯಾಗಿ ಒಗೆಯಲು ಹೇಳಿದ. ಒಗೆದೆ. ಹಿಟ್ಟಿನಲ್ಲಿ ಉದ್ದನೆಯ ಗೀರು ಬಿತ್ತು. ಎಷ್ಟು ಸಲ ಒಗೆದರೂ ಗೀರೇ.

"ಚಂದ್ರನ ಗುಂಡಿ ಎಲ್ಲಾ ದುಂಡಗ ಅದಾವ. ದೇವರು ಒಂದೊಂದು ಕಲ್ಲಿಗೂ ದಾರ ಕಟ್ಟಿ ನೆಟ್ಟಗ ಇಳಿಸ್ಯಾನೇನು? ಈಕಿ ಬುದ್ಧಿ ಹಿಟ್ಟಿಗೆ ಸಾಕು," ಎಂದ. ತರಗತಿಯೆಲ್ಲ ನಕ್ಕಿತು.

ಅಲ್ಲಿಗೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಅವತ್ತು ಊಟಕ್ಕೆ ಕೂತಾಗ ಅಪ್ಪನಿಗೆ, "ಅಣ್ಣಾ, ಇಕೀನ ಸಾಲಿ ಬಿಡಿಸು. ಎದುರುತ್ತರ ಕೊಡಾಕ ಕಲ್ತಾಳ," ಎಂದ. ಅಪ್ಪ ತಲೆಯಾಡಿಸಿದ. ನನ್ನ ಶಾಲೆ ಒಂದು ತುತ್ತು ಇಳಿಯುವುದರೊಳಗೆ ಮುಗಿಯಿತು. ಮಾರನೆಯ ದಿನದಿಂದ ರೊಟ್ಟಿ ಬಡಿಯುವ ಕೆಲಸ ನನ್ನದು. ಒಂದೊಂದು ಏಟೂ ಕಾಕಾನ ಬೋಳುತಲೆಗೆ ಬೀಳಲಿ ಎಂದುಕೊಂಡೇ ಬಡಿಯುತ್ತಿದ್ದೆ. ನಮ್ಮ ಮನೆಯ ರೊಟ್ಟಿ ತೆಳ್ಳಗಿರುತ್ತವೆಂದು ಓಣಿಯಲ್ಲೆಲ್ಲ ಹೆಸರಾಯಿತು.

ಕೆಲವು ವರ್ಷಗಳ ಮೇಲೆ ಸೊರಟೂರಿನ ಹೊಲದಲ್ಲಿ ಬಾವಿ ತೋಡಿಸಿದರು. ಗರಸಿನ ಗಟ್ಟಿ ನೆಲ ಹತ್ತಿದ ಮೇಲೆ ಗುದ್ದಲಿ ನಡೆಯಲಿಲ್ಲ. ಕೆಲಸದವರು ಹಾರೆಯಿಂದ ಓರೆಯಾಗಿ ತೂತು ಕೊರೆದು, ಮದ್ದು ತುಂಬಿ, ಮಣ್ಣು ಜಡಿದು, ಮೇಲೆ ಜಾಲಿಕಂಟಿ ಹೊಚ್ಚಿ ಸಿಡಿಸುತ್ತಿದ್ದರು. ಬುತ್ತಿ ಹೊತ್ತು ಹೋಗಿದ್ದ ನಾನು ಹೊಗೆ ಆರಿದ ಮೇಲೆ ಬಗ್ಗಿ ನೋಡಿದೆ. ತೂತು ಓರೆ ಇತ್ತು, ಬಿದ್ದ ಗುಂಡಿ ದುಂಡಗಿತ್ತು. ಸಿಡಿಯುವ ವಸ್ತು ತಾನು ಯಾವ ದಿಕ್ಕಿನಿಂದ ಒಳಗೆ ಹೊಕ್ಕೆ ಎಂದು ನೋಡುವುದಿಲ್ಲ, ಎಲ್ಲ ಕಡೆಗೂ ತಳ್ಳುತ್ತದೆ. ಆಕಾಶದ ಕಲ್ಲಿನ ವೇಗ ನನ್ನ ಕೈಯ ವೇಗವಲ್ಲ. ಅದು ನೆಲಕ್ಕೆ ತಾಗಿದೊಡನೆ ಸಿಡಿಯುತ್ತದೆ. ಅಲ್ಲೇ ನಿಂತು ನಗತೊಡಗಿದೆ. ಅಪ್ಪ ನನಗೆ ಬಿಸಿಲು ಹತ್ತಿತೆಂದು ನೀರು ಕುಡಿಸಿದ.

ನನಗೆ ತಿಳಿದರೆ ಸಾಲದು, ನಾಲ್ಕು ಮಂದಿಯ ಮುಂದೆ ಕಾಕಾನ ಮುಖ ಸಣ್ಣದಾಗಬೇಕಿತ್ತು. ಏಕೀಕರಣದ ವರ್ಷ ದೀಪಾವಳಿಯ ಪಟಾಕಿಯೂ ಹೊಸ ರಾಜ್ಯದ ಸಂಭ್ರಮವೂ ಕೂಡಿಯೇ ಬಂದವು. ಶಾಲೆಯ ಅಂಗಳದಲ್ಲಿ ಸಭೆ. ಆಗಲೇ ಹೆಡ್ಮಾಸ್ತರನಾಗಿದ್ದ ಕಾಕಾನ ಭಾಷಣ ಮುಗಿದೊಡನೆ ಹಿಟ್ಟಿನ ಮೊರ ಒಯ್ದು ಅವನ ಮುಂದಿಟ್ಟೆ. ಪಟಾಕಿಯನ್ನು ಓರೆಯಾಗಿ ಚುಚ್ಚಿ ಊದಿನಕಡ್ಡಿ ತಾಗಿಸಿದೆ. ಹಿಟ್ಟು ಅವನ ಕರಿಕೋಟಿನ ಮೇಲೆಲ್ಲ ಹಾರಿತು. ಮೊರದಲ್ಲಿ ದುಂಡನೆಯ ಗುಂಡಿ.

"ನೋಡ್ರಿ ಕಾಕಾ. ಓರೆ ಹೋತು, ದುಂಡಗ ಸಿಡೀತು."

ಅವನು ಕೋಟು ಕೊಡವಿಕೊಂಡ. "ಪಟಾಕಿ ಹೊಡಿಯೂದು ವಿಜ್ಞಾನ ಅಲ್ಲ, ಚೇಷ್ಟೆ. ಮನಿಗೆ ನಡಿ," ಎಂದ. ಜನ ಈ ಸಲವೂ ಅವನ ಕೂಡವೇ ನಕ್ಕರು. ಆದರೆ ಅವನು ಮೊರದೊಳಗೆ ಮತ್ತೆ ಮತ್ತೆ ಇಣುಕಿದ್ದನ್ನು ನಾನು ಕಂಡೆ. ತಿಳಿದೂ ಒಪ್ಪದ ಮನುಷ್ಯನನ್ನು ಕ್ಷಮಿಸುವುದು ನನ್ನ ಕೈಲಾಗದ ಮಾತು.

ಮನುಷ್ಯರು ಚಂದ್ರನ ಮೇಲೆ ಇಳಿದು ಬಂದ ಕಾಲಕ್ಕೆ ಕಾಕಾನ ಕಣ್ಣು ಪೂರಾ ಹೋಗಿದ್ದವು. ನಮ್ಮ ಪಡಸಾಲೆಯಲ್ಲೇ ಅವನ ಹಾಸಿಗೆ. ಪೇಪರು ಓದಿ ಹೇಳುವವಳು ನಾನೊಬ್ಬಳೇ. ಮನುಷ್ಯರಿಗಿಂತ ಮೊದಲು ಹೋದ ಯಂತ್ರಗಳು ಚಂದ್ರನಿಗೆ ಅಪ್ಪಳಿಸಿ ಒಡೆಯುವ ಕೊನೆಯ ಗಳಿಗೆಯವರೆಗೂ ಚಿತ್ರ ಕಳಿಸಿದ್ದನ್ನು ಹೇಳಿದೆ. ದೊಡ್ಡ ಗುಂಡಿಯೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು ಕಂಡದ್ದನ್ನು ಹೇಳಿದೆ. ಹೋದವರು ಅಲ್ಲಿನ ಕಲ್ಲುಮಣ್ಣು ತಂದರೆಂದೂ ಹೇಳಿದೆ. ಕಾಕಾ ಮೊಣಕೈ ಊರಿ ಅರ್ಧ ಎದ್ದ.

"ಕಲ್ಲು ನೋಡಿ ಏನಂದ್ರು? ಗುಂಡಿ ಜ್ವಾಲಾಮುಖೀವೋ, ಮ್ಯಾಲಿಂದ ಬಿದ್ದದ್ದರವೋ?"

ಉತ್ತರ ನನ್ನ ತೊಡೆಯ ಮೇಲೆಯೇ ಇತ್ತು: ಹೊಡೆತಕ್ಕೆ ಚೂರಾದ ಕಲ್ಲು, ಕರಗಿ ಗಾಜಾದ ಮಣ್ಣು. ಗುಂಡಿಗಳಲ್ಲಿ ಹೆಚ್ಚಿನವು ಬಿದ್ದ ಕಲ್ಲಿನವೇ. ಓದಿಬಿಟ್ಟರೆ ಗೆದ್ದೆ. ಪೇಪರು ಮಡಿಚಿದೆ.

"ತಿಳಕೊಂಡು ಏನ ಮಾಡ್ತೀರಿ ಕಾಕಾ?"

"ಹೇಳವಾ. ತಿಳೀಲಾರದ ಹೆಂಗ ಇರಬೇಕು?"

"ಇರಾಕ ಬರತೈತ್ರಿ. ನಾ ಇದ್ದೇನಲ್ಲ."

ಎದ್ದು ಹೋಗಿ ರೊಟ್ಟಿಗೆ ಎಸರಿಟ್ಟೆ. ಮುಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡ. ಅಲ್ಲಿಯವರೆಗೆ ಮನೆಗೆ ಬಂದವರನ್ನೆಲ್ಲ ಅದನ್ನೇ ಕೇಳುತ್ತಿದ್ದ. ಬಂದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.