ಒಂದೇ ಗುಂಪಿನ ಉಪ್ಪು

ಮಕ್ಕಳು ಅವಳಿಗಿಟ್ಟ ಹೆಸರು ಸೋಡಿಯಂ ಟೀಚರ್. ಹನಿ ನೀರು ಬಿದ್ದರೆ ಸಾಕು, ಸಿಡಿಯುತ್ತಾಳೆ ಅಂತ. ಅದು ಅವಳ ಕಿವಿಗೂ ಬಿದ್ದಿತ್ತು. ಅಷ್ಟು ರಸಾಯನಶಾಸ್ತ್ರವಾದರೂ ಇವುಗಳ ತಲೆಗೆ ಹೋಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು.

ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಪಾಠ ಬಂದಾಗಲೆಲ್ಲ ಅವಳದು ಒಂದೇ ವರಸೆ. "ಇವನ್ನ ಮೂರು ಮನೆ ಅಂದ್ಕೊಳ್ಳಿ. ಒಂದು ಚಿಕ್ಕದು, ಒಂದು ದೊಡ್ಡದು, ಮತ್ತೊಂದು ಇನ್ನೂ ದೊಡ್ಡದು. ಒಳಗೆ ಎಷ್ಟು ಜನ ಇದ್ರೆ ಬೀದಿಯವರಿಗೇನು? ಮೂರರ ಹೊಸ್ತಿಲಲ್ಲೂ ಒಂದೊಂದೇ ಎಲೆಕ್ಟ್ರಾನ್, ಯಾರಾದ್ರೂ ಕರೆದ್ರೆ ಹೊರಡೋಕೆ ತುದಿಗಾಲಲ್ಲಿ ನಿಂತಿರುತ್ತೆ. ಬೀದಿಯವರ ವ್ಯವಹಾರವೆಲ್ಲ ಅದರ ಜೊತೆ. ಅದಕ್ಕೇ ಮೂರೂ ಒಂದೇ ಗುಂಪು, ಒಂದೇ ಥರ ನಡ್ಕೊಳ್ತವೆ."

ಮಾತು ಸರಿಯೇ. ಅದನ್ನು ಅಡುಗೆಮನೆಗೆ ಒಯ್ದದ್ದು ತಪ್ಪಾಯಿತು.

ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡನಿಗೆ ಕಿಡ್ನಿ ಕೈಕೊಟ್ಟಿತ್ತು. ಡಾಕ್ಟರು ಉಪ್ಪು ಬಿಡಿಸಿದರು. "ಇದರ ಬದಲು ಟೇಬಲ್ ಒರೆಸೋ ಬಟ್ಟೆ ಅಗಿದ್ರೂ ರುಚಿ ಇರುತ್ತೆ" ಎಂದು ನಗಿಸುತ್ತಲೇ ಅವನು ಅರ್ಧ ತಟ್ಟೆಗೆ ಕೈತೊಳೆಯುತ್ತಿದ್ದ. ನೋಡಿ ನೋಡಿ ಅವಳಿಗೆ ಸಂಕಟವಾಗುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣ ಕಣ್ಣಿಗೆ ಬಿತ್ತು. ತಿರುಗಿಸಿ ಓದಿದಳು. ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ. ಒಂದೇ ಗುಂಪು! ತಲೆ ನರೆಯುವವರೆಗೆ ಪಾಠ ಮಾಡಿದವಳು ಇದಕ್ಕೂ ಡಾಕ್ಟರನ್ನು ಕೇಳಬೇಕೇ?

ನಾಲಿಗೆ ಮೋಸಹೋಯಿತು, ಗಂಡ ತಟ್ಟೆ ಖಾಲಿ ಮಾಡಿದ. ಆದರೆ ಮೈಯೊಳಗೆ ಪೊಟ್ಯಾಸಿಯಂನ ಕೆಲಸವೇ ಬೇರೆ. ಹೆಚ್ಚಾದದ್ದನ್ನು ಗಟ್ಟಿ ಕಿಡ್ನಿ ಹೊರಗೆ ಹಾಕುತ್ತದೆ, ಅವನದಕ್ಕೆ ಆ ತ್ರಾಣವಿರಲಿಲ್ಲ. ರಕ್ತದಲ್ಲಿ ಅದು ಏರಿ ಏರಿ ಎದೆಬಡಿತ ತಪ್ಪಿತು. "ಪೊಟ್ಯಾಸಿಯಂ ಇಷ್ಟು ಹೇಗೆ ಏರಿತು? ಹಣ್ಣೇನಾದ್ರೂ ಜಾಸ್ತಿ ತಿಂದ್ರಾ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅವಳಿಗೆ ಎಲ್ಲ ಹೊಳೆಯಿತು. ಬಾಯಿಂದ ಬಂದದ್ದು ಮಾತ್ರ "ಗೊತ್ತಿಲ್ಲ" ಎಂಬ ಒಂದೇ ಮಾತು. ಅವನು ಮನೆಗೆ ಮರಳಲಿಲ್ಲ.

ಆಮೇಲೆ ಮನೆಯಲ್ಲಿ ಮಾತಾಡಿಸಲು ಒಂದು ಜೀವವಿರಲಿಲ್ಲ. ಕುಕ್ಕರ್ ಕೂಗಿದರೂ "ಬಂದೆ" ಎನ್ನುವುದು ಅವಳಿಗೆ ಅಭ್ಯಾಸವಾಯಿತು. ಒಂಟಿತನ ಎಂದರೆ ಏನೆಂದು ಅವಳನ್ನು ಕೇಳಬೇಕು. ಭಾನುವಾರ ಮಾತ್ರ ಗಂಡನ ಅಕ್ಕ ಬಂದು ಟೀ ಕುಡಿದು, ತಮ್ಮನ ಬಾಲ್ಯದ ತರಲೆಗಳನ್ನು ಹೇಳಿ, ಅತ್ತು ನಕ್ಕು ಹೋಗುತ್ತಿದ್ದರು. ಆ ಒಂದು ದಿನಕ್ಕಾಗಿ ಅವಳು ಉಳಿದ ದಿನಗಳನ್ನು ತಳ್ಳುತ್ತಿದ್ದಳು.

ಇಂಥ ಒಂದು ಭಾನುವಾರ ಅತ್ತಿಗೆ ಕೇಳಿದರು. "ನನಗೂ ಕಿಡ್ನಿ ಸರಿಯಿಲ್ವಂತೆ, ಉಪ್ಪು ಬಿಡು ಅಂದಿದ್ದಾರೆ. ತಮ್ಮನಿಗೆ ಹಾಕ್ತಿದ್ಯಲ್ಲ, ಅದ್ಯಾವ ಉಪ್ಪು? ಅವನು ಬಾಯ್ತುಂಬ ಹೊಗಳಿದ್ದ."

ಮರೆತುಹೋಯಿತು ಎನ್ನಬಹುದಿತ್ತು. ಆದರೆ ಅತ್ತಿಗೆ ಸುಮ್ಮನಿರುವವರಲ್ಲ, ಅಂಗಡಿಯವನನ್ನೇ ಕೇಳಿ ತಂದುಬಿಡುತ್ತಾರೆ. ನಿಜ ಹೇಳಿದರೆ ಈ ಭಾನುವಾರಗಳೂ ಕೈತಪ್ಪುತ್ತವೆ.

"ಅದರಲ್ಲಿ ಪೊಟ್ಯಾಸಿಯಂ ಇರುತ್ತೆ ಅತ್ತಿಗೆ. ಅದೂ ಸೋಡಿಯಂ ಗುಂಪಿನದೇ, ಹೊರಗೆ ಒಂದೇ ಎಲೆಕ್ಟ್ರಾನ್, ಆದ್ರೆ ಕಿಡ್ನಿಗೆ..."

"ಪಾಠ ಬೇಡ ಕಣೇ. ನೆಟ್ಟಗೆ ಹೇಳು."

"ಅದನ್ನ ಮುಟ್ಟಬೇಡಿ. ಅವರು ಹೋಗಿದ್ದು ಅದರಿಂದ್ಲೇ. ಹಾಕಿದ್ದು ನಾನು."

ಅತ್ತಿಗೆ ಟೀ ಲೋಟ ಕೆಳಗಿಟ್ಟರು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು.

"ಕೊನೆ ಸಲ ಫೋನಲ್ಲಿ, 'ಅಕ್ಕಾ, ಈಗ ಊಟ ಬಾಯಿಗೆ ಹತ್ತುತ್ತೆ' ಅಂದಿದ್ದ. ಹೊಟ್ಟೆತುಂಬ ಉಂಡು ಹೋದನಲ್ಲ ಅಂತ ಅದೊಂದನ್ನೇ ಹಿಡ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ. ಅದನ್ನೂ ಕಿತ್ಕೊಂಡ್ಯಲ್ಲೇ."

ಅತ್ತಿಗೆ ಇನ್ನು ಆ ಉಪ್ಪು ತಿನ್ನುವುದಿಲ್ಲ. ಭಾನುವಾರ ಬರುವುದೂ ಇಲ್ಲ. ಮೆಟ್ಟಿಲಿಳಿಯುವ ಸದ್ದು ಕೇಳುತ್ತಾ ಕೂತವಳಿಗೆ ಎರಡೂ ಖಚಿತವಾಗಿ ಗೊತ್ತಿತ್ತು.