ಬೀದಿಯಲ್ಲಿ ಸಾಲು ನಿಲ್ಲಿಸದ ಸೌಟಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಲಾಂಡ್ರಿಯೊಂದರ ಹಿಂಬಾಗಿಲಿನಿಂದ ಆವಿ ಹೊರಗೆ ಬರುತ್ತಿದೆ. ಅಲ್ಲಿ ಬಟ್ಟೆ ಒಗೆಯುವುದು ನಿಂತು ವರ್ಷಗಳೇ ಆದವು. ಈಗ ಅಲ್ಲಿ ಬೇಯುವುದು ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ. ದೊಡ್ಡ ಪಾತ್ರೆಯ ಮುಂದೆ, ಮರದ ಮಣೆಯ ಮೇಲೆ, ಕುಳ್ಳಗಿನ ಹೆಂಗಸೊಬ್ಬರು ನಿಂತಿದ್ದಾರೆ. ಮಣೆ ಇಲ್ಲದಿದ್ದರೆ ಅವರ ಸೌಟು ತಳ ಮುಟ್ಟುವುದಿಲ್ಲ. ತಳ ಮುಟ್ಟಲೇಬೇಕು ಎನ್ನುವುದು ಇಲ್ಲಿಯ ಕಾನೂನು. ಮೇಲಿನ ತಿಳಿ ಮೊದಲು ಬಂದವರಿಗೆ, ಅಡಿಯ ತರಕಾರಿ ಕೊನೆಗೆ ಬಂದವರಿಗೆ ಎಂದಾಗಬಾರದು. ಪ್ರತಿ ಸಲವೂ ಕೆಳಗಿನಿಂದ ಎತ್ತಿ ಬಡಿಸಬೇಕು. ಕಾನೂನು ಮಾಡಿದವರು ಅವರೇ. ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ಅವರು ಸೌಟಕ್ಕ.

ಸೂಪು ತಿರುವುತ್ತಿರುವಾಗ ಅವರ ತುಟಿ ಅಲುಗುತ್ತಿದೆ. ಪ್ರಾರ್ಥನೆ ಇರಬೇಕು ಎಂದುಕೊಂಡು ನಾನು ಬಾಗಿಲಲ್ಲೇ ನಿಲ್ಲುತ್ತೇನೆ.

"ಬಾಗಿಲು ತೆಗೆದು ನಿಂತ್ಕೊಂಡ್ರೆ ಒಲೆ ಬೀದಿಗೆ ಉರೀಬೇಕಾ? ಒಳಗೆ ಬಾಮ್ಮ" ಎನ್ನುತ್ತಾರೆ ತಿರುಗಿ ನೋಡದೆ. "ಪೇಪರಿನವಳು ಅಲ್ವಾ? ಚಾಕು ಅಲ್ಲಿದೆ. ಬರೆಯೋದು ಆಮೇಲೆ, ಮೊದಲು ಈರುಳ್ಳಿ."

ಹೀಗೆ ಕಣ್ಣೀರಿನಿಂದಲೇ ನನ್ನ ಕೆಲಸ ಶುರುವಾಗುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದುವಂಥದ್ದು, ಮನಸ್ಸಿಗೆ ಹುರುಪು ತುಂಬುವಂಥದ್ದು ಬೇಕು ಎಂದು ಸಂಪಾದಕರು ಹೇಳಿ ಕಳಿಸಿದ್ದರು. ಅದು ನನ್ನಿಂದಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಂದಾಜಿಗೆ ಇನ್ನೂರಕ್ಕೂ ಹೆಚ್ಚು ಜನ ದಿನಾ ಉಣ್ಣುವ ಈ ಅಡುಗೆಮನೆ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಮಹಡಿಯಲ್ಲಿ ಮನೆಯಿಲ್ಲದವರು ಮಲಗುವ ಹಾಸಿಗೆಗಳಿಗೂ ಅವತ್ತೇ ಕೊನೆ. ಹಾಗಾದದ್ದು ತಮ್ಮಿಂದಲೇ ಎಂದು ಸೌಟಕ್ಕ ಗಟ್ಟಿಯಾಗಿ ನಂಬಿದ್ದಾರೆ. ಅಲ್ಲ ಎಂದು ಹೇಳಲು ಹೋದವರೆಲ್ಲ ಸೋತು ವಾಪಸಾಗಿದ್ದಾರೆ.

ಬೆಳಕು ಹರಿಯುವ ಹೊತ್ತಿಗೆ ಗಲ್ಲಿಯಲ್ಲಿ ವ್ಯಾನ್ ಕೆಮ್ಮುತ್ತಾ ನಿಲ್ಲುತ್ತದೆ. ಇಳಿಯುವವರು ನಿವೃತ್ತ ಬಸ್ ಚಾಲಕರು, ಇಲ್ಲಿಯವರಿಗೆಲ್ಲ ಡ್ರೈವರ್ ಮಾವ. ಬೇಕರಿಯಲ್ಲಿ ಉಳಿದ ಬ್ರೆಡ್ಡು, ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದ ಸೊಟ್ಟ ಕ್ಯಾರೆಟ್ಟು ತಂದು ಸುರಿಯುವುದು ಅವರ ಕೆಲಸ. ಸಂಬಳವಿಲ್ಲ. ಪಾತ್ರೆ ತೊಳೆಯಲು ಬರುವ ಇಬ್ಬರು ಅಕ್ಕತಂಗಿಯರಿಗೂ ಇಲ್ಲ, ಬಡಿಸಲು ಬರುವ ಬ್ಯಾಂಕಿನ ಹುಡುಗಿಗೂ ಇಲ್ಲ. ಸೌಟಕ್ಕನಿಗೆ ಮಾತ್ರ ಒಂದಿಷ್ಟು ಕೈಗೆ ಬರುತ್ತದೆ. "ಗೌರವಧನ ಅಂತಾರೆ" ಎಂದು ಅವರು ನಗುತ್ತಾರೆ. "ಗೌರವ ಕಣ್ಣಿಗೆ ಕಾಣ್ತದೆ. ಧನ ಹುಡುಕ್ಬೇಕು."

"ಸೊಟ್ಟಗಿರೋದನ್ನೆಲ್ಲ ನನಗೇ ತರ್ತೀಯಲ್ಲ ಮಾವ" ಎಂದು ಬುಟ್ಟಿ ನೋಡಿ ರೇಗಿಸುತ್ತಾರೆ.

"ನೆಟ್ಟಗಿರೋದು ನೆಟ್ಟಗಿರೋರ ಮನೆಗೆ ಹೋಯ್ತು, ತಾಯಿ" ಎನ್ನುತ್ತಾರೆ ಡ್ರೈವರ್ ಮಾವ. ದಿನವೂ ಇದೇ ಮಾತಂತೆ, ದಿನವೂ ಇಬ್ಬರೂ ನಗುತ್ತಾರಂತೆ. ಇವತ್ತು ನಗು ಅರ್ಧಕ್ಕೇ ನಿಲ್ಲುತ್ತದೆ.

ಸೌಟಕ್ಕ ಮೊದಲು ಈ ಬಾಗಿಲಿಗೆ ಬಂದದ್ದು ಉಣ್ಣಲು. ಗಂಡ ಗೋಡೆಗೆ ಬಣ್ಣ ಬಳಿಯುವವರು. ಏಣಿಯಿಂದ ಬಿದ್ದರು, ಏಳಲಿಲ್ಲ. ಇವರು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹೋಟೆಲು ಕೈ ಬದಲಾಯಿತು, ಹೊಸ ಮಾಲೀಕರಿಗೆ ವಯಸ್ಸಾದ ಕೈಗಳು ಬೇಡವಾದವು. ಬಾಡಿಗೆ ಕೋಣೆ ಹೋಯಿತು. ಬಸ್ ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಚೀಲ ತಲೆದಿಂಬು ಮಾಡಿಕೊಂಡು ಮಲಗಿದರು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಎಷ್ಟು ದಿನ ಇರಲಾದೀತು? ಒಂದು ಬೆಳಿಗ್ಗೆ ಇಲ್ಲಿಗೆ ಬಂದು ಸಾಲಿನಲ್ಲಿ ನಿಂತರು. ಆಗ ಸಾಲು ಬೀದಿಗೆ ಬಂದು ಮೂಲೆಯ ಔಷಧಿ ಅಂಗಡಿಯವರೆಗೆ ಹೋಗುತ್ತಿತ್ತು.

"ಸಿಗ್ನಲ್ಲಲ್ಲಿ ಬಸ್ ನಿಂತಿತ್ತು. ಕಿಟಕೀಲಿ ನಮ್ಮ ನಾದಿನಿ. ನನ್ನ ನೋಡಿದ್ಳು. ಕೈಯಲ್ಲಿ ತಟ್ಟೆ ಬೇರೆ ಇತ್ತು ನನಗೆ, ಎಲ್ಲಿ ಮುಚ್ಚಿಡ್ಲಿ? ಅವಳು ಮುಖ ತಿರುಗಿಸ್ಕೊಂಡ್ಳು. ಕೆಟ್ಟವಳಲ್ಲ, ನನಗೆ ನಾಚಿಕೆ ಆಗ್ಬಾರ್ದು ಅಂತ್ಲೇ ತಿರುಗಿಸಿದ್ದು. ಆದ್ರೂ ಅವತ್ತು ತಟ್ಟೇನ ಹಾಗೇ ವಾಪಸ್ ಕೊಟ್ಟುಬಿಟ್ಟೆನಮ್ಮ."

ಕೆಲವು ವಾರಗಳ ನಂತರ ತರಕಾರಿ ಹೆಚ್ಚುವವರು ಬರಲಿಲ್ಲ. ಇವರು ಚಾಕು ಎತ್ತಿಕೊಂಡರು. ಮುಂದೆ ಅಡುಗೆಯವರು ಊರು ಬಿಟ್ಟಾಗ ಸೌಟು ಕೈಗೆ ಬಂತು. ಬಂದ ದಿನವೇ ಅವರು ಮಾಡಿದ ಮೊದಲ ಕೆಲಸ ಸಾಲು ತೆಗೆದುಹಾಕಿದ್ದು. ಲಾಂಡ್ರಿಯ ಉದ್ದ ಹಜಾರದಲ್ಲಿ ಬೆಂಚು ಹಾಕಿಸಿದರು. ಬಂದವರು ಒಳಗೆ ಬಂದು ಕೂರಬೇಕು, ತಟ್ಟೆ ಅವರಿದ್ದಲ್ಲಿಗೆ ಬರಬೇಕು. ಯಾರನ್ನೂ ಎಣಿಸಬಾರದು, ಹೆಸರು ಕೇಳಬಾರದು. ಬಡಿಸುವವರು ಕಾಲು ನೋವೆಂದು ಗೊಣಗಿದರು. "ನಡೀರಿ, ಒಳ್ಳೇದು" ಎಂದು ಅವರ ಬಾಯಿ ಮುಚ್ಚಿಸಿದರು. ಅಂದಿನಿಂದ, ಒಂದೇ ಒಂದು ದಿನ ಬಿಟ್ಟರೆ, ಈ ಬೀದಿಯಲ್ಲಿ ಹಸಿದವರ ಸಾಲು ಯಾರ ಕಣ್ಣಿಗೂ ಬಿದ್ದಿಲ್ಲ. ಈಗ ತಲೆ ಮೇಲೆ ಬಂದು ಕೂತಿರುವುದು ಅದೇ.

ಈ ಕಟ್ಟಡದ ಬಾಡಿಗೆ, ಒಲೆಯ ಗ್ಯಾಸು, ಮಹಡಿಯ ಹಾಸಿಗೆ ಎಲ್ಲ ನಡೆಯುತ್ತಿದ್ದದ್ದು ಒಂದು ದತ್ತಿ ಸಂಸ್ಥೆಯ ಅನುದಾನದಿಂದ. ನೆರವು ಮುಂದುವರಿಸುವ ಮೊದಲು ಅವರು ಕಣ್ಣಾರೆ ನೋಡಲು ಬರುವ ಪದ್ಧತಿ. ಈ ಸಲ ಬರುತ್ತಾರೆಂದು ತಿಳಿದಾಗ ಅಡುಗೆಮನೆಯ ಕಾರ್ಯದರ್ಶಿ ಗೋಡೆಗೆ ಸುಣ್ಣ ಹೊಡೆಸಿದರು, ಫೋಟೊ ತೆಗೆಯುತ್ತಾರೆ ಎಂದೂ ಹೇಳಿದರು. ಸೌಟಕ್ಕನಿಗೆ ಫೋಟೊ ಎಂಬ ಮಾತೇ ಕಿವಿಯಲ್ಲಿ ಉಳಿಯಿತು. ಹಿಂದಿನ ದಿನ ಬೆಂಚಿನಿಂದ ಬೆಂಚಿಗೆ ಹೋಗಿ ಮೆಲ್ಲಗೆ ಹೇಳಿದರು: "ನಾಳೆ ಕ್ಯಾಮೆರಾ ಬರುತ್ತೆ. ಬೇಡ ಅನ್ನೋರು ಅವರು ಹೋದ್ಮೇಲೆ ಹಿಂದಿನ ಗಲ್ಲಿಯಿಂದ ಬನ್ನಿ. ಪಾತ್ರೆ ಒಲೆ ಮೇಲೇ ಇರುತ್ತೆ. ಯಾರಿಗೂ ಊಟ ತಪ್ಪಲ್ಲ."

ಮಾರನೆಯ ದಿನ ಬೆಂಚುಗಳ ಮೇಲೆ ಬೆರಳೆಣಿಕೆಯಷ್ಟು ಜನ. ಅತಿಥಿಗಳು ಕೂತು ಸೂಪು ಕುಡಿದರು, ರುಚಿಯಾಗಿದೆ ಎಂದರು. ಒಬ್ಬರು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ಒಳ್ಳೆಯ ಜನ ಎಂದು ಸೌಟಕ್ಕ ಇವತ್ತಿಗೂ ಹೇಳುತ್ತಾರೆ. ಹೊರಡುವಾಗ ಅವರಲ್ಲೊಬ್ಬರು, ಬರುವವರು ಇಷ್ಟೇನಾ ಎಂದು ಕೇಳಿದರು.

"ಇವತ್ತು ಇಷ್ಟೇ ಅಂದೆ. ಇನ್ನೇನನ್ಲಿ? ಮಿಕ್ಕವರು ಹಿಂದಿನ ಗಲ್ಲೀಲಿ ಮುಖ ಮುಚ್ಕೊಂಡು ನಿಂತಿದಾರೆ ಅನ್ಲಾ? ಬಚ್ಚಿಟ್ಟಿದ್ದು ನಾನೇ, ನಾನೇ ತೋರಿಸ್ಲಾ?"

ಕಾರು ಬೀದಿ ತಿರುಗುತ್ತಿದ್ದಂತೆ ಗಲ್ಲಿಯಲ್ಲಿದ್ದವರಿಂದ ಹಜಾರ ತುಂಬಿಹೋಯಿತು. ಅವತ್ತು ಎಂದಿಗಿಂತ ಹೆಚ್ಚೇ ಜನ.

ವಾರಗಳು ಕಳೆದ ಮೇಲೆ ಕಾರ್ಯದರ್ಶಿಗೆ ಫೋನ್ ಬಂತು. ನಿಮ್ಮ ಕಡೆ ಹಸಿವು ಕಡಿಮೆಯಾಗಿರುವುದು ಸಂತೋಷ, ಅಭಿನಂದನೆಗಳು, ಇನ್ನು ಆ ಹಣ ಇದಕ್ಕಿಂತ ಕಷ್ಟದಲ್ಲಿರುವ ಕಡೆಗೆ ಹೋಗುತ್ತದೆ ಎಂದರು. ಕಾರ್ಯದರ್ಶಿ ಬಾಯಿ ನೋಯುವಷ್ಟು ವಿವರಿಸಿದರು. ಎಷ್ಟು ಜನ ಬರುತ್ತಾರೆ, ದಾಖಲೆ ಇದೆಯೇ ಎಂದು ಅವರು ಕೇಳಿದರು. ಎಣಿಸಬಾರದು ಎಂಬ ಕಾನೂನು ಇದ್ದ ಜಾಗದಲ್ಲಿ ದಾಖಲೆ ಎಲ್ಲಿಂದ ಬರಬೇಕು?

ನಾನೂ ಆ ಸಂಸ್ಥೆಗೆ ಫೋನ್ ಮಾಡುತ್ತೇನೆ, ಜಗಳಕ್ಕೆ ಸಿದ್ಧಳಾಗಿಯೇ. ಮಾತಾಡುವ ಅಧಿಕಾರಿಯ ದನಿ ಮೃದು. "ನೋಡಿದ್ದನ್ನೇ ನಂಬಬೇಕಲ್ಲ ಮೇಡಂ ನಾವು? ಈಗ ಸತ್ಯ ಗೊತ್ತಾಗಿದೆ. ಆದ್ರೆ ಹಣ ಬೇರೆ ಕಡೆ ಹೋಗಿಯಾಗಿದೆ, ಅಲ್ಲೂ ಮಕ್ಕಳು ಉಣ್ತಿದಾರೆ. ಅವರ ತಟ್ಟೆ ಕಿತ್ಕೊಂಡು ಇವರಿಗೆ ಕೊಡ್ಲಾ? ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ಲಿ." ಮುಂದಿನ ವರ್ಷದವರೆಗೆ ಹೊಟ್ಟೆಗೆ ಏನು ಹೇಳಿ ಸಮಾಧಾನ ಮಾಡುವುದು ಎಂದು ಕೇಳುತ್ತೇನೆ. ಅರ್ಜಿ ಯಾವ ತಿಂಗಳಲ್ಲಿ ಹಾಕಬೇಕು ಎಂದು ಅವರು ನಿಧಾನವಾಗಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಸಿಟ್ಟು ಮಾಡಲು ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನಿಸುತ್ತದೆ.

ಬಿಸಿಲೇರುವ ಹೊತ್ತಿಗೆ ಹಜಾರ ತುಂಬುತ್ತದೆ. ಕಟ್ಟಡ ಕೆಲಸದವರು, ಮಗುವನ್ನು ಬಗಲಲ್ಲಿಟ್ಟುಕೊಂಡ ತಾಯಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇನ್ನೂ ಕೆಲಸ ಹುಡುಕುತ್ತಿರುವ ಗುಮಾಸ್ತ. ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ, ತಟ್ಟೆ ಬಂದಾಗ ತಲೆ ಬಾಗಿಸುತ್ತಾರೆ. ಕಣ್ಣು ಮಂಜಾದ ಮೇಲೆ ಸೂಜಿ ಬಿಟ್ಟ ಮುದುಕ ದರ್ಜಿಯೊಬ್ಬರು ಮಹಡಿಯಲ್ಲಿ ಮಲಗುವವರು. ಅವರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ.

"ತಪ್ಪು ನಮ್ದಮ್ಮ. ಅವತ್ತು ಬಂದು ಕೂತಿದ್ರೆ ಆಗ್ತಿತ್ತು. ಒಂದು ಫೋಟೊಗೆ ಮುಖ ಕೊಟ್ಟಿದ್ರೆ ಮುಖ ಸವೆದು ಹೋಗ್ತಿತ್ತಾ?"

ಆ ತಪ್ಪನ್ನು ತಿದ್ದಲು ಅವರು ಮಾಡಿದ್ದನ್ನೂ ಹೇಳುತ್ತಾರೆ. ಕಳೆದ ವಾರ ಒಂದು ಬೆಳಿಗ್ಗೆ, ಯಾರ ಮಾತೂ ಕೇಳದೆ, ಎಲ್ಲರೂ ಬೀದಿಯಲ್ಲಿ ಸಾಲಾಗಿ ನಿಂತರು. ತಟ್ಟೆ ಕಾಣುವ ಹಾಗೆ ಎದೆಗೆ ಹಿಡಿದು, ಮುಖ ಎತ್ತಿ, ಔಷಧಿ ಅಂಗಡಿಯವರೆಗೆ. ಬಸ್ಸುಗಳು ನಿಂತವು, ಕಿಟಕಿಗಳಲ್ಲಿ ಜನ ನೋಡಿದರು. ಕಾರ್ಯದರ್ಶಿ ಫೋಟೊ ತೆಗೆದು ಸಂಸ್ಥೆಗೆ ಕಳಿಸಿದರು. ನೋಡಿ ಬಹಳ ಬೇಸರವಾಯಿತು ಎಂದು ಉತ್ತರ ಬಂತು, ಅಷ್ಟೇ. ಮುಖ ಕೊಟ್ಟೂ ಏನೂ ಸಿಗಲಿಲ್ಲ. ಅವತ್ತು ಸೌಟಕ್ಕನಿಗೆ ಬಡಿಸಲಾಗಲಿಲ್ಲವಂತೆ. ಮಣೆಯಿಂದಿಳಿದು ಒಲೆಯ ಹಿಂದೆ ಕೂತುಬಿಟ್ಟರು, ಡ್ರೈವರ್ ಮಾವ ಸೌಟು ಹಿಡಿದರು.

"ಕೈಗಳು ಬೇಕಾದಷ್ಟಿವೆ" ಎನ್ನುತ್ತಾರೆ ಡ್ರೈವರ್ ಮಾವ, ಖಾಲಿ ಬುಟ್ಟಿ ಎತ್ತಿಡುತ್ತಾ. "ನಾವೆಲ್ಲ ಪುಕ್ಕಟೆ ಬರ್ತೀವಿ, ಸಾಯೋವರೆಗೂ ಬರ್ತೀವಿ. ಆದ್ರೆ ಕೈಯನ್ನ ಒಲೆಗಿಟ್ಟು ಉರಿಸಕ್ಕಾಗುತ್ತಾ? ಕೈ ಜೋಡಿಸಿದ್ರೆ ಸೂರಾಗುತ್ತಾ?" ಬೀದಿಯ ಅಂಗಡಿಗಳನ್ನೆಲ್ಲ ಸುತ್ತಿ ಅವರು ಸಹಾಯ ಕೇಳಿದ್ದಾರೆ. ಸಿಕ್ಕಿದ್ದು ಒಂದೆರಡು ವಾರದ ಬ್ರೆಡ್ಡು, ರಾಶಿ ರಾಶಿ ಮರುಕ.

ಪಾತ್ರೆ ಖಾಲಿಯಾಗುತ್ತದೆ. ಸೌಟಕ್ಕ ಕೊನೆಯ ಬೆಂಚಿನ ಮೇಲೆ ಕೂತು ಉಳಿದ ತುಣುಕು ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ತಿನ್ನುತ್ತಾರೆ. ಮನೆ ಎಲ್ಲಿ ಎಂದು ಕೇಳುತ್ತೇನೆ. ಇಷ್ಟು ಹೊತ್ತು ಕೇಳದೆ ಇದ್ದದ್ದೇ ತಪ್ಪು. ಅವರು ಬ್ರೆಡ್ಡಿನ ತುಂಡಿನಿಂದಲೇ ಮಹಡಿಯ ಕಡೆ ತೋರಿಸುತ್ತಾರೆ. ಕಿಟಕಿಯ ಪಕ್ಕದ ಹಾಸಿಗೆ ಅವರದು. ತಿಂಗಳ ಕೊನೆಗೆ ಅದೂ ಹೋಗುತ್ತದೆ.

"ನನ್ನ ಬಿಡು. ಬಸ್‌ಸ್ಟ್ಯಾಂಡಿನ ದಾರಿ ಗೊತ್ತು ನನಗೆ" ಎನ್ನುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನಗಳ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಅದು. ಕೇಳುವಾಗ ನನಗೇ ನಾಚಿಕೆಯಾಗುತ್ತದೆ. ಅವರು ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಂಡು ಯೋಚಿಸುತ್ತಾರೆ.

"ಬೀಗ ಹಾಕಿದ ಮಾರನೇ ದಿನ ಬಾಗಿಲ ಹತ್ರ ಒಬ್ಬರು ನಿಂತಿರ್ಬೇಕು. ಬೋರ್ಡು ಬರೆಸ್ತೀನಿ ಅಂತಾರೆ ಕಾರ್ಯದರ್ಶಿ. ಓದಕ್ಕೆ ಬರದವರಿದಾರೆ, ದರ್ಜಿಯಣ್ಣನಂಗೆ ಕಣ್ಣು ಕಾಣದವರಿದಾರೆ. ಬೀಗ ನೋಡಿ ಬೀದೀಲೇ ಕಾಯ್ತಾ ನಿಂತ್ಬಿಡ್ತಾರೆ. ಒಬ್ಬರ ಹಿಂದೆ ಒಬ್ಬರು, ಸಾಲಾಗ್ಬಿಡುತ್ತೆ. ಹಾಗಾಗ್ಬಾರ್ದು. ಬಾಯಿ ಬಿಟ್ಟು ಹೇಳಿ ಕಳಿಸ್ಬೇಕು. ನಾನೇ ನಿಲ್ತೀನಿ."

ಏನು ಹೇಳುತ್ತೀರಿ ಎಂದು ಕೇಳುತ್ತೇನೆ.

ಅವರು ತಟ್ಟೆ ಕೆಳಗಿಡುತ್ತಾರೆ. ಬೆಳಿಗ್ಗೆ ಒಲೆಯ ಮುಂದೆ ಅಲುಗಿದ ಹಾಗೆಯೇ ತುಟಿ ಅಲುಗುತ್ತದೆ. ಈಗ ಹತ್ತಿರದಲ್ಲಿರುವುದರಿಂದ ನನಗೆ ಕೇಳಿಸುತ್ತದೆ. ಅದು ಪ್ರಾರ್ಥನೆಯಲ್ಲ.

"'ಇಲ್ಲಪ್ಪ, ಇವತ್ತಿಂದ ಊಟ ಇಲ್ಲ.' ಇಷ್ಟೇ. ಸೌಟು ಹಿಡಿದಾಗಿನಿಂದ ಈ ಮಾತು ಹೇಳೇ ಇಲ್ಲ ನಾನು. ನೀರು ಬೆರೆಸಿದೀನಿ, ಇಲ್ಲ ಅಂದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಕಲೀತಿದೀನಿ. 'ಇಲ್ಲಪ್ಪ' ವರೆಗೂ ಬರುತ್ತೆ. ಆಮೇಲಿಂದು ಇನ್ನೂ ಬರ್ತಿಲ್ಲಮ್ಮ."