ವಶೇರ ಟೀಚರ್ ಕೇಳಿಸಿಕೊಳ್ಳದ ರಕಾರ

ನನ್ನ ಅಮ್ಮ ವಶೇರ, ಕೀನ್ಯಾದ ಕರಾಟಿನ ಪಟ್ಟಣದ ಹತ್ತಿರದ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದಳು. ಕಲಿಸಿದಳು ಅನ್ನುವುದಕ್ಕಿಂತ ನಾಲಿಗೆ ತಿದ್ದಿದಳು ಅನ್ನುವುದೇ ಸರಿ. ನಮ್ಮ ಕಿಕುಯು ಮಾತಿನಲ್ಲಿ ಲಕಾರವಿಲ್ಲ. ಹಾಗಾಗಿ ಇಂಗ್ಲಿಷಿಗೆ ಹೋದರೆ ರ ಇರಬೇಕಾದಲ್ಲಿ ಲ, ಲ ಇರಬೇಕಾದಲ್ಲಿ ರ ಬಂದು ಕೂರುತ್ತದೆ. ಇಡೀ ಕೀನ್ಯಾ ಇದಕ್ಕೆ ನಮ್ಮನ್ನು ನೋಡಿ ನಗುತ್ತದೆ. ತರಬೇತಿ ಕಾಲೇಜಿನಲ್ಲಿ ಅಮ್ಮನೂ ಆ ನಗುವಿಗೆ ಗುರಿಯಾಗಿದ್ದವಳು.

“ನೈರೋಬಿ ಹೋಟ್ಲಲ್ಲಿ ರೈಸ್ ಅನ್ನೋಕೆ ಹೋಗಿ ಲೈಸ್ ಅಂದ್ರೆ ತಟ್ಟೆ ತುಂಬ ಹೇನು ತಂದಿಡ್ತಾರೆ. ತಿಂತೀರೇನ್ರೋ?” ಎಂದು ಕೇಳುವಳು. ತರಗತಿ ಘೊಳ್ಳೆಂದು ನಗುತ್ತಿತ್ತು. ಆಮೇಲೆ ಒಬ್ಬೊಬ್ಬರೂ ಎದ್ದು ನಿಂತು “ಲಾರಿ” ಎನ್ನಬೇಕು. “ರೋರಿ” ಅಂದವರಿಗೆ ಇಪ್ಪತ್ತು ಸಲ. ಶಾಲೆಯ ಗೇಟಿನೊಳಗೆ ಕಿಕುಯು ಆಡುವಂತಿರಲಿಲ್ಲ. ಆಡಿ ಸಿಕ್ಕಿಬಿದ್ದವರ ಕೊರಳಿಗೆ ಮರದ ಹಲಗೆ. ಅಮ್ಮನ ಕೈಯಲ್ಲಿ ಕಲಿತವರು ಈಗಲೂ ಲಾರಿಯನ್ನು ಲಾರಿ ಅನ್ನುತ್ತಾರೆ, ಅದನ್ನು ನಾನು ಒಪ್ಪುತ್ತೇನೆ.

ನಾಲ್ಕನೇ ತರಗತಿಯಲ್ಲಿ ನನ್ನ ಬೆಂಚಿನಲ್ಲೇ ವಮೂಯು ಕೂರುತ್ತಿದ್ದಳು. ಅವಳ ಬಾಯಲ್ಲಿ ಲಾರಿ “ಯೋಯಿ” ಆಗುತ್ತಿತ್ತು. ರ ಬೇಡ, ಲ ಬೇಡ, ಎರಡೂ ಇಲ್ಲ. ಅಮ್ಮನಿಗೆ ಅದು ಬರೀ ಹಟವಾಗಿ ಕಂಡಿತು.

“ನಾಲಿಗೆ ಮೇಲಕ್ಕೆತ್ತು, ಮಹಾರಾಣಿ! ಅದಕ್ಕೇನು ಕಲ್ಲು ಕಟ್ಟಿದಾರಾ?”

ವಮೂಯು ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿದಳು. ಅದು ಕೆಳಹಲ್ಲು ದಾಟಿ ತುಟಿಯವರೆಗೂ ಬರಲಿಲ್ಲ. ತುದಿ ನಡುವೆ ಒಳಕ್ಕೆ ಎಳೆದುಕೊಂಡು ಎರಡು ಉಬ್ಬಾಗಿತ್ತು. ಪಕ್ಕದಲ್ಲಿದ್ದ ನನಗೆ ಅದು ಚೆನ್ನಾಗಿ ಕಂಡಿತು.

“ಟೀಚರ್‌ಗೇ ನಾಲಿಗೆ ಚಾಚ್ತೀಯಾ?” ಎಂದು ಅಮ್ಮ ಅವಳ ಕೆನ್ನೆಗೆ ಬಾರಿಸಿದಳು. ಲಾರಿ ಅನ್ನುವವರೆಗೆ ಒಳಗೆ ಬರಬೇಡ ಎಂದು ಬಾವುಟದ ಕಂಬದ ಬಳಿ ನಿಲ್ಲಿಸಿದಳು. ಮೂರು ದಿನ ನಿಂತಳು. ನಾಲ್ಕನೆಯ ದಿನ ವಮೂಯು ಶಾಲೆಗೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಬೆಂಚಿನಲ್ಲಿ ನಾವಿಬ್ಬರೂ ಕದ್ದು ಆಡುತ್ತಿದ್ದ ನಮ್ಮದೇ ಮಾತಿನಲ್ಲೂ ಅವಳಿಗೆ ರ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಿಕುಯು ಮಕ್ಕಳಲ್ಲಿ ಲ ಬಾರದವರು ಊರು ತುಂಬ, ರ ಬಾರದವರು ಯಾರೂ ಇಲ್ಲ. ಅಮ್ಮ ಒಂದೇ ಒಂದು ಸಲ ಅವಳನ್ನು ಕಿಕುಯುವಿನಲ್ಲಿ ಮಾತಾಡಿಸಿದ್ದರೆ ಅನುಮಾನ ಬರುತ್ತಿತ್ತು. ನಾನು ಹೇಳಬಹುದಿತ್ತು. ಹೇಳಿದರೆ ಕಿಕುಯು ಆಡಿದ್ದಕ್ಕೆ ಹಲಗೆ ನನ್ನ ಕೊರಳಿಗೂ ಬೀಳುತ್ತದೆಂದು ಹೆದರಿ ಸುಮ್ಮನಿದ್ದೆ. ಅಮ್ಮನ ತಪ್ಪು ಬರೆಯುವಾಗ ನನ್ನದನ್ನು ಬಿಡುವುದು ನ್ಯಾಯವಲ್ಲ.

ಇಪ್ಪತ್ತೆರಡು ವರ್ಷದ ಮೇಲೆ ನನಗೆ ಗಂಡು ಕೂಸು ಹುಟ್ಟಿತು. ಮೊಲೆ ಕಚ್ಚುವುದು, ಲೊಚ್ಚೆಂದು ಜಾರುವುದು, ಅಳುವುದು. ನನ್ನ ಮೊಲೆತೊಟ್ಟು ಒಡೆದು ರಕ್ತ ಬಂತು. ಕೂಸಿನ ತೂಕ ಏರಲಿಲ್ಲ. ನಿವೃತ್ತಳಾಗಿದ್ದ ಅಮ್ಮ ನನ್ನನ್ನೇ ಗದರಿದಳು, ಹಿಡಿದುಕೊಳ್ಳಲು ಬರುವುದಿಲ್ಲವೆಂದು. ಆರೋಗ್ಯ ಕೇಂದ್ರದ ನರ್ಸ್ ನ್ಯೋಕಾಬಿ ಮಾತ್ರ ಕೈ ತೊಳೆದು, ಕೂಸಿನ ನಾಲಿಗೆಯನ್ನು ಎರಡು ಬೆರಳಿನಿಂದ ಮೇಲೆತ್ತಿದಳು.

“ಇಲ್ನೋಡಿ ಟೀಚರಮ್ಮ. ಅಡಿಯಲ್ಲಿ ಈ ಪೊರೆ ಗಿಡ್ಡವಾಗಿ ನಾಲಿಗೇನ ಕಟ್ಟಿಹಾಕಿದೆ. ಎಷ್ಟೋ ಕೂಸುಗಳಿಗೆ ಇರತ್ತೆ, ಹಾಲು ಕುಡೀತಿದ್ರೆ ನಾವು ಮುಟ್ಟೋದೇ ಇಲ್ಲ. ಇವನಿಗೆ ಕತ್ತರಿಸಬೇಕು.”

ಡಾಕ್ಟರ್ ಮೊಂಡುತುದಿಯ ಕತ್ತರಿಯಿಂದ ಒಂದೇ ಸಲಕ್ಕೆ ಬಿಡಿಸಿದರು. ಎರಡು ಹನಿ ರಕ್ತ, ಅಷ್ಟೇ. ಕೂಸು ಅಲ್ಲೇ ಹಾಲು ಕುಡಿಯಿತು.

“ಬಿಡದೇ ಇದ್ರೆ ಏನಾಗ್ತಿತ್ತು?” ಅಮ್ಮ ಕೇಳಿದಳು.

“ಕೆಲವರು ಹೇಗೋ ಮಾತು ಕಲೀತಾರೆ. ಕೆಲವರಿಗೆ ನಾಲಿಗೆ ಮೇಲಕ್ಕೆ ಹೋಗಲ್ಲ, ರ ಬರಲ್ಲ. ಹೊರಗೆ ಚಾಚಿದ್ರೆ ತುದಿ ನಡುವೆ ಕಚ್ಚು ಬಿದ್ದಂಗೆ ಕಾಣತ್ತೆ.”

ಅಮ್ಮ ಕೂಸಿನ ಬಾಯಿಯನ್ನು ಮತ್ತೊಮ್ಮೆ ಬಗ್ಗಿ ನೋಡಿದಳು. “ಅವಳು ನನ್ನನ್ನ ಅಣಕಿಸಲಿಲ್ಲ ಕಣೇ. ತೋರಿಸಿದ್ಲು,” ಎಂದಳು. ಯಾರೆಂದು ನಾನು ಕೇಳಬೇಕಾಗಿರಲಿಲ್ಲ.

ವಮೂಯು ಕರಾಟಿನ ಸಂತೆಯಲ್ಲಿ ಎಲೆಕೋಸು, ಆಲೂಗೆಡ್ಡೆ ಮಾರುತ್ತಿದ್ದಳು. ಮಾತು ಕಮ್ಮಿ. ಆದಷ್ಟೂ ರಕಾರವಿಲ್ಲದ ಪದಗಳನ್ನೇ ಆರಿಸಿ ಆಡುತ್ತಿದ್ದಳು. ಆದರೆ ಮಗಳ ಹೆಸರು ಆರಿಸುವ ಭಾಗ್ಯ ನಮ್ಮಲ್ಲಿ ಯಾವ ತಾಯಿಗೂ ಇಲ್ಲ. ಮೊದಲ ಹೆಣ್ಣಿಗೆ ಗಂಡನ ತಾಯಿಯ ಹೆಸರು. ಆ ತಾಯಿ ವೈರಿಮು. ಹಾಗಾಗಿ ಹನ್ನೆರಡು ವರ್ಷದ ಮಗಳನ್ನು ವಮೂಯು “ವೈಯಿಮು” ಎಂದು ಕರೆಯುತ್ತಿದ್ದಳು.

ಅಮ್ಮ ಸಂತೆಯ ಗಲಾಟೆಯ ನಡುವೆ, ಕೋಸಿನ ಗುಡ್ಡೆಯ ಮುಂದೆ ನಿಂತು ಕೈ ಮುಗಿದು ಬಾಗಿದಳು. “ತಪ್ಪಾಯ್ತು ಮಗಳೇ.”

“ನಾನು ಆವತ್ತೇ ತೋಯಿಸಿದ್ದೆ, ಟೀಚಯ್,” ಎಂದಳು ವಮೂಯು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಹೇಳಿದ್ದರೆ ಅಮ್ಮ ಸುಧಾರಿಸಿಕೊಳ್ಳುತ್ತಿದ್ದಳು.

ದೊಡ್ಡವರಿಗೂ ನಾಲಿಗೆಯ ಪೊರೆ ಬಿಡಿಸಬಹುದು ಎಂದು ಅಮ್ಮ ಹೇಳಿದಾಗ ಅವಳು ಎರಡು ವಾರ ಯೋಚಿಸಿ ಬಂದಳು. ಮರಗಟ್ಟಿಸುವ ಸೂಜಿ, ನಾಲ್ಕು ಹೊಲಿಗೆ. ಬಿಡಿಸಿದರೆ ನಾಲಿಗೆ ಏಳುತ್ತದೆ, ಮಾತು ತಾನಾಗಿ ತಿದ್ದಿಕೊಳ್ಳುವುದಿಲ್ಲ, ಅಭ್ಯಾಸ ಬೇಕು ಎಂದರು ಡಾಕ್ಟರ್.

“ಒಂದೇ ಒಂದು ಮಾತು ಸಾಕು ಟೀಚಯ್. ನನ್ನ ಮಗಳ ಹೆಸಯು,” ಎಂದಳು ವಮೂಯು.

ಏಳು ತಿಂಗಳು ಅಮ್ಮ ಪ್ರತಿ ಸಂತೆಗೂ ಹೋದಳು. ಗೋಣಿಚೀಲದ ಮೇಲೆ ಕೂತು, ನಾಲಿಗೆ ಮೇಲೆತ್ತಿ ಅಂಗುಳಿಗೆ ಮುಟ್ಟಿಸಿ ತೋರಿಸುವಳು, ಇವಳು ಹಾಗೇ ಮಾಡುವಳು. ಕಲಿಸಿದ್ದೆಲ್ಲ ಕಿಕುಯುವಿನಲ್ಲಿ. ಅಮ್ಮ ಅಷ್ಟು ಮೆತ್ತಗೆ ಕಲಿಸಿದ್ದನ್ನು ನಾನು ನನ್ನ ಜನ್ಮದಲ್ಲೇ ನೋಡಿರಲಿಲ್ಲ. ನೋಡುವಾಗ ಹೊಟ್ಟೆ ಉರಿಯುತ್ತಿತ್ತು, ಹೇಳಿಬಿಡುತ್ತೇನೆ.

ಒಂದು ಶನಿವಾರ ಮಧ್ಯಾಹ್ನ ನಾನೂ ಅಲ್ಲಿದ್ದೆ. ಹುಡುಗಿ ನಾಲ್ಕು ಮಾರು ಆಚೆ ಬೆನ್ನು ಹಾಕಿ ಅವರೆ ಸುಲಿಯುತ್ತಿದ್ದಳು. ವಮೂಯು ಎದ್ದು ನಿಂತು, ಉಸಿರೆಳೆದು, ಕರೆದಳು.

“ವೈರಿಮು!”

ರಕಾರ ಚೊಕ್ಕಟವಾಗಿತ್ತು. ಅಮ್ಮ ನನ್ನ ತೋಳು ಹಿಡಿದುಕೊಂಡಳು. ಹುಡುಗಿ ತಿರುಗಲಿಲ್ಲ.

“ವೈರಿಮು!”

ಆಚೆ ಟೊಮೇಟೊ ಮಾರುವ ವೈರಿಮು “ಏನಕ್ಕಾ?” ಎಂದಳು. ಮೀನಿನ ಅಂಗಡಿಯ ವೈರಿಮು ತಲೆಯೆತ್ತಿ ನೋಡಿದಳು. ಹುಡುಗಿ ಅವರೆ ಸುಲಿಯುತ್ತಲೇ ಇದ್ದಳು. ನಾನೇ ತೋಳು ಬಿಡಿಸಿಕೊಂಡು ಹೋಗಿ ಅವಳ ಭುಜ ತಟ್ಟಿದೆ.

“ನನ್ನನ್ನಾ?” ಎಂದಳು ಹುಡುಗಿ. “ಈ ಸಂತೇಲಿ ಆರು ಜನ ವೈರಿಮು ಇದಾರೆ. ನಮ್ಮವ್ವ ಹಂಗೆ ಕರಿಯಲ್ಲ.”

ವಮೂಯು ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ ಕರೆದಳು.

“ವೈಯಿಮು.”

ಹುಡುಗಿ ಅವರೆ ಬುಟ್ಟಿ ಬಿಟ್ಟು ಓಡಿಬಂದಳು.